ಪೋರ್ಟ್ ಫಾರ್ವರ್ಡ್ ಮಾಡಿ ಮನೆ ಕಂಪ್ಯೂಟರ್ ತಲುಪಿದ್ದು: ನನ್ನ ಅನುಭವ

ಲಿನಕ್ಸ್ ಹಾಕಿದ ನನ್ನ ಡೆಸ್ಕ್‌ಟಾಪ್ ಇರುವುದು ದಾವಣಗೆರೆ ಮನೆಯಲ್ಲಿ, ನಾನಿರುವುದು ಬೆಂಗಳೂರಿನ ಪಿಜಿಯಲ್ಲಿ. ಹಳೆ ಫೋಟೊ, ನುಡಿಯಲ್ಲಿ ಟೈಪ್ ಮಾಡಿದ ಫೈಲು, ಬ್ಯಾಕಪ್ ಎಲ್ಲಾ ಅದರಲ್ಲೇ ಇವೆ. ಅದನ್ನು ಇಲ್ಲಿಂದಲೇ ತೆರೆಯಬೇಕಿತ್ತು.

ಪೋರ್ಟ್ ಅಂದರೆ ಒಂದೊಂದು ಸೇವೆಗೆ ಇರುವ ನಂಬರ್ ಹಾಕಿದ ಬಾಗಿಲು; ಹೊರಗಿನಿಂದ ಅಲ್ಲಿಗೆ ಬಂದದ್ದನ್ನು ರೂಟರ್ ಮನೆಯೊಳಗಿನ ಒಂದು ಕಂಪ್ಯೂಟರ್‌ಗೆ ದಾಟಿಸುವುದೇ ಪೋರ್ಟ್ ಫಾರ್ವರ್ಡಿಂಗ್. ಎಲ್ಲರೂ ಮೊದಲು ರೂಟರ್‌ನ ಆ ಪುಟಕ್ಕೇ ಹೋಗುತ್ತಾರೆ. ಆದರೆ ಅದಕ್ಕಿಂತ ಮುಂಚೆ ನೋಡಬೇಕಾದದ್ದು ಸ್ಟೇಟಸ್ ಪುಟ. ಅಲ್ಲಿ ವ್ಯಾನ್ ಐಪಿ ಅಂತ ಒಂದು ನಂಬರ್ ಇರುತ್ತದೆ, ಅಂದರೆ ರೂಟರ್‌ನ ಹೊರಬದಿಯ ವಿಳಾಸ. ಗೂಗಲ್‌ನಲ್ಲಿ ನನ್ನ ಐಪಿ ಯಾವುದು ಅಂತ ಹುಡುಕಿದರೆ ಇನ್ನೊಂದು ನಂಬರ್ ಸಿಗುತ್ತದೆ. ಎರಡೂ ಒಂದೇ ಆಗಿದ್ದರೆ ನಿಮ್ಮ ಅದೃಷ್ಟ. ನನ್ನ ರೂಟರ್‌ನಲ್ಲಿ 100ರಿಂದ ಶುರುವಾಗುವ ನಂಬರ್ ಇತ್ತು. 100.64ರಿಂದ 100.127ರವರೆಗಿನ ವಿಳಾಸ ಕಂಡರೆ ಅದು ಸಿಜಿನ್ಯಾಟ್, ಅಂದರೆ ಇಂಟರ್ನೆಟ್ ಕಂಪನಿಯವರು ಒಂದೇ ಪಬ್ಲಿಕ್ ಐಪಿಯನ್ನು ತುಂಬಾ ಮನೆಗಳಿಗೆ ಹಂಚಿದ್ದಾರೆ. ಹೊರಗಿನಿಂದ ಬಂದದ್ದು ಅವರ ಹತ್ತಿರವೇ ನಿಂತುಬಿಡುತ್ತದೆ, ನಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ಆಗ ನೀವು ರೂಟರ್‌ನಲ್ಲಿ ಏನು ಬರೆದರೂ ಸುಮ್ನೆ. ನಾನು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಸ್ಟ್ಯಾಟಿಕ್ ಐಪಿ (ನಮಗೆ ಮಾತ್ರ ಸೇರಿದ, ಬದಲಾಗದ ಪಬ್ಲಿಕ್ ವಿಳಾಸ) ತಗೊಂಡೆ, ಅದಕ್ಕೆ ಬೇರೆ ದುಡ್ಡು. ಕೊಡಲು ಇಷ್ಟವಿಲ್ಲದವರು ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಇದೆಯಾ ನೋಡಿ, ಇಲ್ಲಾಂದ್ರೆ ನಿಮ್ಮ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಟೇಲ್‌ಸ್ಕೇಲ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದಕ್ಕೆ ಪೋರ್ಟ್ ತೆರೆಯುವ ಗೋಜೇ ಇಲ್ಲ.

ವ್ಯಾನ್ ಐಪಿ 192.168 ಅಂತ ತೋರಿಸಿದರೆ ಸಮಸ್ಯೆ ಮನೆಯೊಳಗೇ ಇದೆ. ಫೈಬರ್ ಡಬ್ಬವೂ ರೂಟರ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಅದನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಆಗ ಅದು ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನು ಹಾಗೇ ದಾಟಿಸುತ್ತದೆ.

ಮುಂದಿನದು ಸುಲಭ. ಡಿಎಚ್‌ಸಿಪಿ ರಿಸರ್ವೇಷನ್‌ನಲ್ಲಿ ಡೆಸ್ಕ್‌ಟಾಪ್‌ನ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ) ಕೊಟ್ಟು ಅದಕ್ಕೆ ಒಂದೇ ಒಳವಿಳಾಸ ಸಿಗುವ ಹಾಗೆ ಮಾಡಿದೆ. ಹೀಗೆ ಮಾಡದಿದ್ದರೆ ರೂಟರ್ ರೀಸ್ಟಾರ್ಟ್ ಆದ ಮೇಲೆ ಆ ವಿಳಾಸ ಟಿವಿಗೆ ಹೋಗಿರಬಹುದು. ಜೊತೆಗೆ ಮನೆ ನೆಟ್‌ವರ್ಕನ್ನು 192.168.1ರಿಂದ 192.168.57ಕ್ಕೆ ಬದಲಿಸಿದೆ. ಯಾಕಂದ್ರೆ ಪಿಜಿ ವೈಫೈ ಕೂಡ 192.168.1ರಲ್ಲೇ ಇದೆ, ಎರಡೂ ಕಡೆ ಒಂದೇ ಇದ್ದರೆ ಮನೆಯ ಪ್ರಿಂಟರ್ ಕರೆದರೆ ಲ್ಯಾಪ್‌ಟಾಪ್ ಪಿಜಿಯಲ್ಲೇ ಹುಡುಕುತ್ತಾ ಕೂರುತ್ತದೆ.

ಯಾವ ಪೋರ್ಟ್ ತೆರೆಯಬೇಕು ಅನ್ನುವುದು ನಿಜವಾದ ಪ್ರಶ್ನೆ. ಪರೀಕ್ಷೆಗೆ ಅಂತ, ದೂರದಿಂದ ಕಮಾಂಡ್ ಕೊಡಲು ಬಳಸುವ ಎಸ್‌ಎಸ್‌ಎಚ್‌ನ ಪೋರ್ಟ್ 22 ತೆರೆದೆ, ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ ಬರೀ ಕೀ (ಗುರುತು ಸಾಬೀತು ಮಾಡುವ ಗುಪ್ತ ಫೈಲ್) ಇಟ್ಟುಕೊಂಡು. ಸ್ವಲ್ಪ ಹೊತ್ತಿನಲ್ಲೇ ಲಾಗ್ ಫೈಲ್‌ನಲ್ಲಿ ರೂಟ್, ಅಡ್ಮಿನ್, ಒರಾಕಲ್, ಪೈ ಅಂತ ಹೆಸರು ಹಿಡಿದು ಯಾರ್ಯಾರೋ ಬಾಗಿಲು ಬಡಿಯುತ್ತಿದ್ದರು. ಮನುಷ್ಯರಲ್ಲ, ಬಾಟ್‌ಗಳು. 22 ಬದಲು 2222 ಇಟ್ಟರೆ ಗದ್ದಲ ಕಡಿಮೆಯಾಗುತ್ತದೆ, ಅಷ್ಟೇ. ವಿಂಡೋಸ್‌ನವರು ರಿಮೋಟ್ ಡೆಸ್ಕ್‌ಟಾಪ್‌ನ 3389 ಅನ್ನು ನೇರವಾಗಿ ತೆರೆಯಲೇಬೇಡಿ. 2019ರಲ್ಲಿ ಬ್ಲೂಕೀಪ್ ಅನ್ನೋ ಲೋಪ ಸಿಕ್ಕಾಗ ಮೈಕ್ರೋಸಾಫ್ಟ್ ಎಂದೋ ಕೈಬಿಟ್ಟಿದ್ದ ಎಕ್ಸ್‌ಪಿಗೂ ಪ್ಯಾಚ್ ಕೊಡಬೇಕಾಯಿತು, ಅಷ್ಟು ಗಂಭೀರ.

ಹಾಗಾಗಿ 22 ಮುಚ್ಚಿ ವೈರ್‌ಗಾರ್ಡ್ ಹಾಕಿದೆ. ಇದು ವಿಪಿಎನ್, ಅಂದರೆ ಇಂಟರ್ನೆಟ್ ಮೂಲಕ ಮನೆಯವರೆಗೆ ಗೂಢಲಿಪಿಯ ಒಂದು ಸುರಂಗ. ರೂಟರ್‌ನಲ್ಲಿ ಈಗ ಇರುವುದು ಒಂದೇ ಸಾಲು: ಹೊರಗಿನ ಪೋರ್ಟ್ 51820, ಒಳಗಿನದೂ ಅದೇ, ಡೆಸ್ಕ್‌ಟಾಪ್‌ನ ಐಪಿ, ಪ್ರೋಟೋಕಾಲ್ (ಡೇಟಾ ಸಾಗಿಸುವ ವಿಧಾನ) ಯುಡಿಪಿ. ಕೆಲವು ರೂಟರ್‌ಗಳಲ್ಲಿ ಟಿಸಿಪಿ ಅಂತ ಮೊದಲೇ ಆಯ್ಕೆಯಾಗಿರುತ್ತದೆ, ಬದಲಿಸಿ. ಎಸ್‌ಎಸ್‌ಎಚ್, ಫೈಲ್ ಶೇರ್ ಎಲ್ಲಾ ಈ ಸುರಂಗದೊಳಗೇ ಓಡುತ್ತವೆ.

ಪರೀಕ್ಷೆ ಮಾಡುವಾಗ ಮನೆ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಮಾಡಿ. ಒಳಗಿನಿಂದಲೇ ಹೊರವಿಳಾಸಕ್ಕೆ ಹೋಗಿ ವಾಪಸ್ ಬರುವುದು ಎಲ್ಲಾ ರೂಟರ್‌ಗೂ ಬರಲ್ಲ. ಪೋರ್ಟ್ ಚೆಕ್ ಮಾಡುವ ತಾಣಗಳನ್ನೂ ಇಲ್ಲಿ ನಂಬಬೇಡಿ: ಅವು ಹೆಚ್ಚಾಗಿ ಟಿಸಿಪಿ ಮಾತ್ರ ನೋಡುತ್ತವೆ, ಜೊತೆಗೆ ಸರಿಯಾದ ಕೀ ಇಲ್ಲದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಎಲ್ಲಾ ಸರಿಯಿದ್ದರೂ ಮುಚ್ಚಿದೆ ಅಂತಲೇ ತೋರಿಸಬಹುದು. ಡೆಸ್ಕ್‌ಟಾಪ್‌ನ ವೈರ್‌ಗಾರ್ಡ್ ಸ್ಥಿತಿಯಲ್ಲಿ ಲೇಟೆಸ್ಟ್ ಹ್ಯಾಂಡ್‌ಶೇಕ್ (ಎರಡೂ ಕಡೆ ಕೊನೆಯ ಸಲ ಕೈಕುಲುಕಿದ್ದು) ಅಂತ ಸೆಕೆಂಡ್ ಲೆಕ್ಕದಲ್ಲಿ ಬಂದರೆ ಕೆಲಸ ಆಯಿತು.

ಇನ್ನು ಕರೆಂಟ್. ಬಯೋಸ್‌ನಲ್ಲಿ, ವಿದ್ಯುತ್ ಹೋಗಿ ಬಂದರೆ ಏನು ಮಾಡಬೇಕು ಅನ್ನೋ ಆಯ್ಕೆಯನ್ನು ಪವರ್ ಆನ್‌ಗೆ ಇಟ್ಟಿದ್ದೇನೆ. ರೂಟರ್‌ಗೂ ಫೈಬರ್ ಡಬ್ಬಕ್ಕೂ ಸೇರಿಸಿ ಒಂದು ಚಿಕ್ಕ ಯುಪಿಎಸ್ ಇದೆ. ಕಂಪ್ಯೂಟರ್ ಆನ್ ಮಾಡು ಅಂತ ಈಗ ಅಪ್ಪನಿಗೆ ಫೋನ್ ಮಾಡುವುದು ತಪ್ಪಿದೆ.