ನೊಣದ ಹೆಸರು ರೆಕ್ಕೆಯಲ್ಲಿದೆ

ಚಿಟ್ಟೆಯಾದರೆ ಬಣ್ಣ ನೋಡಿ ಪುಸ್ತಕ ತಿರುವಿದರಾಯಿತು. ನೊಣದಲ್ಲಿ ಬಣ್ಣ ನಂಬಿ ಹೊರಟರೆ ದಾರಿ ತಪ್ಪುವುದೇ ಹೆಚ್ಚು. ಸೊಳ್ಳೆಗಳೂ ಸೇರಿದ ಈ ಗಣದಲ್ಲಿ ಹೆಸರು ಪಡೆದ ಪ್ರಭೇದಗಳೇ 1,50,000 ದಾಟಿವೆ. ಅದಕ್ಕೇ ನಾನು ಕ್ಯಾಮೆರಾ ಹಿಡಿಯುವುದು ಬೇರೆ ಲೆಕ್ಕದಲ್ಲಿ: ಚಿತ್ರ ಚೆಂದ ಬರದಿದ್ದರೂ ಚಿಂತೆಯಿಲ್ಲ, ರೆಕ್ಕೆಯ ನಾಳಗಳು ಸ್ಪಷ್ಟವಾಗಿ ಬರಬೇಕು.

ಮೇಲಿನಿಂದ, ಮಗ್ಗುಲಿನಿಂದ, ಮುಖಕ್ಕೆ ನೇರವಾಗಿ ಹೀಗೆ ಮೂರು ಕೋನ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಮೊದಲು ದೂರದಿಂದಲೇ ಒಂದು ತೆಗೆದಿಟ್ಟು ಆಮೇಲೆ ಹತ್ತಿರ ಸರಿಯುತ್ತೇನೆ. ನನ್ನ ನೆರಳು ಅದರ ಮೇಲೆ ಬಿದ್ದರೆ ಮುಗಿಯಿತು, ಹಾರಿಬಿಡುತ್ತದೆ. ಬೆಳಗಿನ ತಂಪಿನಲ್ಲಿ ಅವು ಮಂದವಾಗಿರುವುದರಿಂದ ಆ ಹೊತ್ತೇ ವಾಸಿ. ಫ್ಲ್ಯಾಶ್ ಮುಂದೆ ಬೆಳಕನ್ನು ಮೆದುವಾಗಿಸುವ ಡಿಫ್ಯೂಸರ್ ಪರದೆ ಇಲ್ಲದಿದ್ದರೆ ಮಿರುಗುವ ಮೈಮೇಲೆ ಬಿಳಿ ಕಲೆ ಬಿದ್ದು, ಬೇಕಾದ ಕೂದಲೆಲ್ಲ ಅದರಡಿ ಅಡಗಿಹೋಗುತ್ತದೆ.

ಮನೆಗೆ ಬಂದು ಚಿತ್ರ ದೊಡ್ಡದು ಮಾಡಿದಾಗ ಮೊದಲ ಪ್ರಶ್ನೆ, ಇದು ನೊಣವೇ ಹೌದೇ? ಹಳದಿ-ಕಪ್ಪು ಪಟ್ಟೆಯ ಹೂನೊಣಗಳು ಜೇನು, ಕಣಜದ ವೇಷದಲ್ಲಿ ತಿರುಗುತ್ತವೆ. ಜೇನಿಗೆ ನಾಲ್ಕು ರೆಕ್ಕೆ, ಉದ್ದ ಕುಡಿಮೀಸೆ. ನೊಣಕ್ಕೆ ಎರಡೇ ರೆಕ್ಕೆ. ಹಿಂದಿನ ಜೋಡಿ ಇರಬೇಕಾದಲ್ಲಿ ಗುಂಡುತಲೆಯ ಪುಟ್ಟ ಕಡ್ಡಿಗಳು. ಹೂನೊಣದ ಕುಡಿಮೀಸೆಯೂ ಸಾಮಾನ್ಯವಾಗಿ ಮೊಂಡು. ಇದರ ರೆಕ್ಕೆಯ ನಡುವೆ ಎಲ್ಲಿಂದಲೋ ಶುರುವಾಗಿ ಎಲ್ಲಿಗೂ ಸೇರದ ಹುಸಿನಾಳವೊಂದು ಓಡುತ್ತದೆ. ಅದು ಕಂಡರೆ ಸಿರ್ಫಿಡೇ ಕುಟುಂಬವೆಂದು ಧೈರ್ಯವಾಗಿ ಬರೆಯುತ್ತೇನೆ. ಜೇನಿನಂತೆಯೇ ಕಾಣುವ ಎರಿಸ್ಟಾಲಿಸ್ ಎಂಬ ಹೂನೊಣದ ಕುಲದಲ್ಲಂತೂ ಇನ್ನೊಂದು ಗುರುತಿದೆ: ರೆಕ್ಕೆತುದಿಯ ಕಡೆಗೆ ಹೋಗುವ ನಾಳವೊಂದು ಮಧ್ಯೆ ಜೋಲುಬಿದ್ದ ಹಗ್ಗದಂತೆ ಬಾಗಿರುತ್ತದೆ.

ಹೆಚ್ಚು ಹೊತ್ತು ತಿನ್ನುವುದು ಹಸಿರು ಹೊಳಪಿನ ನೊಣಗಳು. ಕಾಲು ಕೃಶವಾಗಿ ಉದ್ದವಿದ್ದು, ಎಲೆಯ ಮೇಲೆ ಕೂತ ಕೆಲವೇ ಮಿಲಿಮೀಟರಿನ ಜೀವವಾದರೆ ಉದ್ದಕಾಲಿನ ನೊಣಗಳ ಕುಟುಂಬವಾದ ಡೋಲಿಕೊಪೋಡಿಡೇ ಕಡೆ ನೋಡುತ್ತೇನೆ. ನಾಳಗಳೆಲ್ಲ ರೆಕ್ಕೆಯ ಮುಂದಿನ ಅಂಚಿಗೆ ಒತ್ತರಿಸಿಕೊಂಡು, ನಟ್ಟನಡುವೆ ನಾಳಗಳು ಸುತ್ತುವರಿದ ಒಂದು ಪುಟ್ಟ ಕೋಶ ಇದ್ದರೆ ಅದು ಸೋಲ್ಜರ್ ಫ್ಲೈ ಎಂಬ ಕುಟುಂಬದ್ದು. ತಲೆನೋವು ಉಳಿಯುವುದು ಲೂಸಿಲಿಯಾ ಮತ್ತು ನಿಯೋಮಿಯಾ ಎಂಬ ಎರಡು ಕುಲಗಳ ನಡುವೆ. ಮೊದಲನೆಯದು ಬ್ಲೋ ಫ್ಲೈ ಎಂಬ ಕುಟುಂಬದ್ದು, ಎರಡನೆಯದು ಮನೆನೊಣದ ಕುಟುಂಬದ್ದು. ಮೇಲಿನಿಂದ ನೋಡಿದರೆ ಅಣ್ಣತಮ್ಮಂದಿರು. ಇಲ್ಲಿ ಮಗ್ಗುಲಿನ ಫೋಟೋ ಕೈಹಿಡಿಯುತ್ತದೆ. ಎದೆಯ ಪಕ್ಕದಲ್ಲಿ, ಹಿಂಗಾಲಿನ ಬುಡಕ್ಕಿಂತ ತುಸು ಮೇಲೆ, ಸಾಲುಗಟ್ಟಿದ ಬಲವಾದ ಬಿರುಗೂದಲು ಬ್ಲೋ ಫ್ಲೈಗಿರುತ್ತದೆ, ಮನೆನೊಣದ ಬಳಗಕ್ಕೆ ಅಂಥ ಸಾಲು ಇಲ್ಲ. ಮೇಲಿನಿಂದ ಎಷ್ಟೇ ಅಂದವಾದ ಚಿತ್ರ ತೆಗೆದಿದ್ದರೂ ಈ ಸಾಲು ಅದರಲ್ಲಿ ಕಾಣುವುದಿಲ್ಲ.

ಬೂದುಬಣ್ಣದ ನೊಣಗಳಲ್ಲಿ ಬೆನ್ನಿನ ಪಟ್ಟೆ ಎಣಿಸುತ್ತೇನೆ. ಮನೆನೊಣಕ್ಕೆ ನಾಲ್ಕು ಕಪ್ಪು ಪಟ್ಟೆ. ಮಾಂಸನೊಣಕ್ಕೆ ಮೂರು, ಜೊತೆಗೆ ಬೆಳಕು ಬದಲಾದಂತೆ ಜಾಗ ಬದಲಿಸುವ ಚೌಕುಳಿ ಹೊಟ್ಟೆ. ಅಲ್ಲಿಗೆ ನಿಲ್ಲಿಸುತ್ತೇನೆ. ಮಾಂಸನೊಣಗಳ ಪ್ರಭೇದ ಬೇರ್ಪಡಿಸಲು ಹೆಚ್ಚಾಗಿ ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲೇ ನೋಡಬೇಕು, ಎಷ್ಟು ಮೆಗಾಪಿಕ್ಸೆಲ್ ಇದ್ದರೂ ಫೋಟೋ ಅದನ್ನು ತೋರಿಸದು. ಆದರೂ ಪ್ರಭೇದದ ಹೆಸರು ಬರೆದುಬಿಡುವವರನ್ನು ಕಂಡರೆ ನನಗೆ ರೇಗುತ್ತದೆ. ಕುಟುಂಬದ ಹೆಸರೂ ಹೆಸರೇ.

ಜೀವಿಗಳ ಫೋಟೋ ಹಾಕಿ ಗುರುತಿಸುವ ಜಾಲತಾಣ ಐನ್ಯಾಚುರಲಿಸ್ಟ್‌ನ ಯಂತ್ರ ಸೂಚಿಸುವ ಹೆಸರನ್ನು ನೋಡುತ್ತೇನೆ, ಆದರೆ ದಿಕ್ಕು ಹಿಡಿಯಲಿಕ್ಕೆ ಮಾತ್ರ. ಸಾಕಷ್ಟು ಫೋಟೋಗಳಿರುವ ಜೀವಿಗಳನ್ನಷ್ಟೇ ಅದು ಕಲಿತಿರುತ್ತದೆ. ಅಪರೂಪದ ನೊಣ ಎದುರಾದರೆ ಗೊತ್ತಿರುವ ಯಾವುದೋ ಹೆಸರನ್ನು ಮುಂದಿಡುತ್ತದೆ. ಅದು ಹೇಳಿದ ಕುಲದ ಲಕ್ಷಣಗಳನ್ನು ಓದಿ, ನನ್ನ ಚಿತ್ರದಲ್ಲಿ ಒಂದೊಂದಾಗಿ ಹುಡುಕುತ್ತೇನೆ. ಒಂದು ಲಕ್ಷಣ ಅಡ್ಡ ಬಂದರೂ ಹೆಸರು ಕೈಬಿಡುತ್ತೇನೆ.

ಗುರುತು ಸಿಗದ ಚಿತ್ರಗಳನ್ನು ಅಳಿಸುವುದಿಲ್ಲ. ತಾರೀಕು, ಜಾಗ, ಕೂತಿದ್ದು ಹೂವೋ ಸಗಣಿಯೋ, ಅಂದಾಜು ಉದ್ದ ಇವನ್ನು ಬರೆದಿಡುತ್ತೇನೆ. ಕಣ್ಣುಗಳೆರಡೂ ನೆತ್ತಿಯಲ್ಲಿ ಕೂಡಿದ್ದರೆ ಬಹುತೇಕ ಗಂಡು, ಅದನ್ನೂ ಸೇರಿಸುತ್ತೇನೆ. ಕತ್ತರಿಸದ ಮೂಲ ಫೈಲು ಮಾತ್ರ ಇರಲೇಬೇಕು. ತಿಳಿದವರಿಗೆ ಕಳಿಸಿದಾಗ ಅವರು ಕೇಳುವುದು ಹೆಚ್ಚಾಗಿ ಚಿತ್ರದ ಅಂಚಿನಲ್ಲಿ ಉಳಿದ ಹಿಂಗಾಲನ್ನೋ ರೆಕ್ಕೆಯ ತುದಿಯನ್ನೋ.