ಜೇಬಿನಲ್ಲೊಂದು ಟರ್ಮಿನೇಟರ್

1994ರಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಹುದ್ದೆಗೆ ನೆಟ್ಟಗೆ ಒಂದು ಹೆಸರೂ ಇರಲಿಲ್ಲ. ಪ್ರಿಂಟರ್ ನಿಂತರೆ ನಾನು, ಪಾಸ್‌ವರ್ಡ್ ಮರೆತರೆ ನಾನು, ಯುಪಿಎಸ್ ಕೂಗಿದರೂ ನಾನೇ. ಮೂಲೆಯ ಕೋಣೆಯಲ್ಲಿ ನಾವೆಲ್ ಕಂಪನಿಯ ನೆಟ್‌ವೇರ್ 3.12 ಎಂಬ ನೆಟ್‌ವರ್ಕ್ ತಂತ್ರಾಂಶ ಓಡಿಸುತ್ತಿದ್ದ ಒಂದು ಸರ್ವರ್. ಅದರ ಪರದೆಯ ಮೇಲೆ ಒಂದು ಹಾವು ಹರಿದಾಡುತ್ತಿತ್ತು. ಸರ್ವರ್ ಮೇಲೆ ಹೊರೆ ಹೆಚ್ಚಾದಷ್ಟೂ ಅದರ ಬಾಲ ಉದ್ದವಾಗುತ್ತಿತ್ತು, ಓಟವೂ ಜೋರಾಗುತ್ತಿತ್ತು. ಆಮೇಲೆ ಎಷ್ಟೋ ಮಾನಿಟರಿಂಗ್ ಡ್ಯಾಶ್‌ಬೋರ್ಡ್ ಕಟ್ಟಿದ್ದೇನೆ. ಬಾಗಿಲಲ್ಲಿ ನಿಂತು ಒಂದೇ ನೋಟಕ್ಕೆ ವಿಷಯ ತಿಳಿಸುತ್ತಿದ್ದದ್ದು ಆ ಹಾವೊಂದೇ.

ಆಗಿನ ನೆಟ್‌ವರ್ಕ್ ಅಂದರೆ ತೆಳು ಕೋಆಕ್ಸ್ ಕೇಬಲ್. ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಹಾರದ ದಾರದ ಹಾಗೆ ಪೋಣಿಸಿಕೊಂಡು ಹೋಗುತ್ತಿತ್ತು. ಒಂದು ಸೆಗ್ಮೆಂಟಿಗೆ 185 ಮೀಟರ್, 30 ಯಂತ್ರ, ಅದೇ ಮಿತಿ. ಎರಡು ತುದಿಗೂ 50 ಓಮ್‌ನ ಟರ್ಮಿನೇಟರ್, ಅಂದರೆ ತುದಿ ಮುಚ್ಚುವ ಪುಟ್ಟ ಬಿರಡೆ, ಇರಬೇಕು. ಅದು ಇಲ್ಲದಿದ್ದರೆ ಸಿಗ್ನಲ್ ತುದಿಗೆ ಬಡಿದು ವಾಪಸ್ ಬರುತ್ತದೆ, ಇಡೀ ಸಾಲು ಮಲಗುತ್ತದೆ. ಯಾರೋ ಕುರ್ಚಿ ಹಿಂದಕ್ಕೆ ಎಳೆದು ಕನೆಕ್ಟರ್ ಸಡಿಲಾದರೂ ಮೂವತ್ತು ಜನಕ್ಕೆ ಕೆಲಸವಿಲ್ಲ.

ಮೊದಲ ಸಲ ಹೀಗಾದಾಗ ನಾನು ಒಂದು ತುದಿಯಿಂದ ಶುರು ಮಾಡಿ ಪ್ರತಿ ಮೇಜಿನ ಕೆಳಗೂ ತೂರಿ ನೋಡುತ್ತಾ ಹೋದೆ. ಒಂಬತ್ತನೇ ಮೇಜಿನ ಹೊತ್ತಿಗೆ ನಮ್ಮ ಹಿರಿಯರೊಬ್ಬರು ಬಂದರು. ‘ಏಳಯ್ಯ ಮೇಲೆ. ಹೀಗೆ ಹುಡುಕಿದರೆ ಸಂಜೆಯಾಗುತ್ತೆ’ ಅಂದವರೇ ಸಾಲಿನ ನಡುಮಧ್ಯದ ಯಂತ್ರಕ್ಕೆ ಹೋಗಿ ಕೇಬಲ್ ಬಿಚ್ಚಿದರು. ಜೇಬಿನಿಂದ ಒಂದು ಟರ್ಮಿನೇಟರ್ ತೆಗೆದು ಸರ್ವರ್ ಇದ್ದ ಕಡೆಯ ಅರ್ಧಕ್ಕೆ ತಿರುಗಿಸಿದರು. ಆ ಅರ್ಧಕ್ಕೆ ಜೀವ ಬಂತು. ‘ತಪ್ಪು ಇನ್ನೊಂದು ಅರ್ಧದಲ್ಲಿದೆ. ಅದನ್ನೂ ಅರ್ಧ ಮಾಡು.’ ಐದನೇ ಸಲಕ್ಕೆ ಕನೆಕ್ಟರ್ ಸಿಕ್ಕಿತು. ಮರುದಿನದಿಂದ ನನ್ನ ಜೇಬಿನಲ್ಲೂ ಒಂದು ಟರ್ಮಿನೇಟರ್.

ನಾನು ಕಲಿತದ್ದರಲ್ಲಿ ಹೆಚ್ಚಿನದು ಈಗ ಕಸ. ಎನ್‌ಟಿ 4.0ಗೆ ಸರ್ವಿಸ್ ಪ್ಯಾಕ್ ಹಾಕುವ ಕ್ರಮ, ಸೆಂಡ್‌ಮೇಲ್‌ನ ಭಯಂಕರ ಕಾನ್ಫಿಗರೇಷನ್ ಫೈಲ್, ಸೋಲಾರಿಸ್ ಡಿಸ್ಕುಗಳ ಉದ್ದುದ್ದ ಹೆಸರು, ಯಾವುದನ್ನೂ ಈಗ ಯಾರೂ ಕೇಳುವುದಿಲ್ಲ. ಅರ್ಧ ಮಾಡಿ ಹುಡುಕುವುದು ಮಾತ್ರ ಉಳಿಯಿತು.

ಬ್ಯಾಕಪ್ ವಿಷಯದಲ್ಲಿ ನನ್ನ ಮಾನ ಹೋದದ್ದನ್ನೂ ಹೇಳಿಬಿಡುತ್ತೇನೆ. ಪ್ರತಿ ರಾತ್ರಿ ಡಿಡಿಎಸ್ ಎಂಬ ಪುಟ್ಟ ಕ್ಯಾಸೆಟ್ಟಿನಂಥ ಟೇಪಿಗೆ ಬ್ಯಾಕಪ್, ಬೆಳಿಗ್ಗೆ ‘ಯಶಸ್ವಿ’ ಎಂದು ಲಾಗ್. ತಿಂಗಳಿಗೊಮ್ಮೆ ಒಂದು ಫೈಲ್ ವಾಪಸ್ ತೆಗೆದೂ ನೋಡುತ್ತಿದ್ದೆ, ಆ ಬಗ್ಗೆ ಹೆಮ್ಮೆಯೂ ಇತ್ತು. ಒಂದು ದಿನ ಟೇಪ್ ಡ್ರೈವ್ ಕೆಟ್ಟಿತು. ಹೊಸದು ತರಿಸಿ ಹಾಕಿದೆ. ಹಳೆಯ ಟೇಪುಗಳಲ್ಲಿ ಒಂದನ್ನೂ ಅದು ಓದಲಿಲ್ಲ. ಡಿಡಿಎಸ್‌ನಲ್ಲಿ ವಿಡಿಯೊ ಕ್ಯಾಸೆಟ್‌ನ ಹಾಗೆ ಹೆಡ್ ತಿರುಗುತ್ತಾ ಟೇಪಿನ ಮೇಲೆ ಓರೆಯಾಗಿ ಬರೆಯುತ್ತದೆ. ನಮ್ಮ ಹಳೆಯ ಡ್ರೈವ್‌ನ ಜೋಡಣೆ ಸ್ವಲ್ಪಸ್ವಲ್ಪವೇ ಸರಿದುಹೋಗಿತ್ತು. ತಾನು ಬರೆದದ್ದನ್ನು ತಾನು ಓದುತ್ತಿತ್ತು, ಇನ್ಯಾವ ಡ್ರೈವ್‌ಗೂ ಅದು ಅರ್ಥವಾಗುತ್ತಿರಲಿಲ್ಲ. ನಾನು ಪರೀಕ್ಷೆ ಮಾಡಿದ್ದೆಲ್ಲ ಅದೇ ಡ್ರೈವ್‌ನಲ್ಲಿ. ಪುಣ್ಯಕ್ಕೆ ಸರ್ವರ್‌ನ ಡಿಸ್ಕ್ ನೆಟ್ಟಗಿತ್ತು. ಆವತ್ತಿನಿಂದ ಬೇರೆ ಯಂತ್ರದಲ್ಲಿ ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟ ಕಂಪ್ಯೂಟರ್‌ಗಳು 2000ವನ್ನು 1900 ಎಂದುಕೊಂಡಾವು ಎಂಬ ಗಾಬರಿಯಲ್ಲಿ ಹೊಸವರ್ಷದ ರಾತ್ರಿಯಿಡೀ ಎದ್ದು ಕೂತಿದ್ದೆ, ಏನೂ ಆಗಲಿಲ್ಲ. ಮುಂಚೆ ವರ್ಷಗಟ್ಟಲೆ ಜನ ಕೂತು ಸರಿ ಮಾಡಿದ್ದರಿಂದ ಏನೂ ಆಗಲಿಲ್ಲ ಎಂದು ಈಗಲೂ ವಾದ ಮಾಡಬೇಕಾಗುತ್ತದೆ.

ನಿಜವಾದ ಪೆಟ್ಟು ಬಿದ್ದದ್ದು 2003ರ ಜನವರಿ 25ಕ್ಕೆ, ಸ್ಲ್ಯಾಮರ್ ವರ್ಮ್, ಅಂದರೆ ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುವ ದುಷ್ಟ ಪ್ರೋಗ್ರಾಂ, ಬಂದಾಗ. ಇಡೀ ವರ್ಮ್ 376 ಬೈಟ್, ಒಂದೇ ಯುಡಿಪಿ ಪ್ಯಾಕೆಟ್ಟಿನಲ್ಲಿ, ಅಂದರೆ ನೆಟ್‌ವರ್ಕ್‌ನಲ್ಲಿ ಸಾಗುವ ಮಾಹಿತಿಯ ಒಂದೇ ಪೊಟ್ಟಣದಲ್ಲಿ, ಬಂದು ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಒಳಗೆ ಕೂರುತ್ತಿತ್ತು. ನೆಟ್‌ವರ್ಕ್ ಸ್ವಿಚ್‌ನ ದೀಪಗಳು ಮಿಣುಕುವುದನ್ನೇ ಬಿಟ್ಟು ಒಂದೇ ಸಮನೆ ಉರಿಯುತ್ತಿದ್ದವು. ಅರ್ಧರ್ಧ ಕೇಬಲ್ ಕಿತ್ತು ಹುಡುಕಿದೆವು. ಮೂಲ ಒಂದು ಟೆಸ್ಟ್ ಯಂತ್ರ. ಆ ದೋಷ ಮುಚ್ಚುವ ಪ್ಯಾಚ್ ಬಂದು ಆಗಲೇ ಆರು ತಿಂಗಳಾಗಿತ್ತು. ‘ಟೆಸ್ಟ್ ಯಂತ್ರ ತಾನೆ’ ಎಂದು ಬಿಟ್ಟಿದ್ದವನು ನಾನೇ.

ಇನ್ನೊಂದು ರಾತ್ರಿ 2012ರ ಜೂನ್ 30ರದ್ದು. ಆವತ್ತು ಜಗತ್ತಿನ ಪ್ರಮಾಣ ಸಮಯವಾದ ಯುಟಿಸಿ ಗಡಿಯಾರಕ್ಕೆ ಒಂದು ಅಧಿಕ ಸೆಕೆಂಡ್ ಸೇರಿಸಿದ್ದರು. 23:59:59 ಆದ ಮೇಲೆ 23:59:60. ಅಧಿಕಮಾಸ ಗೊತ್ತಿರುವ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ, ನಮ್ಮ ಸರ್ವರ್‌ಗಳನ್ನು ನಡೆಸುವ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಮಾತ್ರ ದಿಕ್ಕು ತಪ್ಪಿತು. ಜಾವಾ ಪ್ರೊಸೆಸ್‌ಗಳು ಒಮ್ಮೆಲೇ ಸಿಪಿಯು ನೂರಕ್ಕೆ ನೂರು ತಿನ್ನತೊಡಗಿದವು. ರೀಸ್ಟಾರ್ಟ್ ಮಾಡಿದರೂ ಅದೇ ಕತೆ. ಒಂದೇ ಕ್ಷಣಕ್ಕೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಸರ್ವರ್‌ಗಳಲ್ಲೆಲ್ಲ ಅದೇ ತೊಂದರೆ. ಹಾಗಾದರೆ ಅವುಗಳ ನಡುವೆ ಸಮಾನವಾದದ್ದೇನು ಎಂದು ಕೇಳಿಕೊಂಡಾಗ ಉಳಿದದ್ದು ಸಮಯವೊಂದೇ. ಪರಿಹಾರ ನೋಡಿದರೆ ನಗು ಬರುತ್ತದೆ: ಡೇಟ್ ಕಮಾಂಡ್ ಕೊಟ್ಟು ಈಗಿನ ಸಮಯವನ್ನೇ ಮತ್ತೊಮ್ಮೆ ಸೆಟ್ ಮಾಡುವುದು. ಅಷ್ಟಕ್ಕೇ ಎಲ್ಲ ತಣ್ಣಗಾಯಿತು. 2035ರ ಹೊತ್ತಿಗೆ ಈ ಅಧಿಕ ಸೆಕೆಂಡಿನ ಪದ್ಧತಿಯನ್ನು ಕೈಬಿಡಲು 2022ರಲ್ಲಿ ತೀರ್ಮಾನವಾಗಿದೆ. ನಾನಂತೂ ಅಳುವುದಿಲ್ಲ.

ಈಗ ಕ್ಲೌಡ್, ಯಂತ್ರಗಳೆಲ್ಲ ಎಲ್ಲೋ ದೂರದಲ್ಲಿ ಬಾಡಿಗೆಗೆ. ನಾನು ನೋಡಿಕೊಳ್ಳುವ ಯಂತ್ರಗಳಲ್ಲಿ ಒಂದನ್ನೂ ಮುಟ್ಟಿಲ್ಲ. ಇಡೀ ನೆಟ್‌ವರ್ಕ್ ಒಂದಷ್ಟು ಫೈಲುಗಳಲ್ಲಿ ಬರೆದಿದೆ, ಫೈಲುಗಳು ಗಿಟ್‌ನಲ್ಲಿವೆ; ಯಾರು ಯಾವಾಗ ಏನು ಬದಲಿಸಿದರು ಎಂದು ಅದು ದಾಖಲಿಸಿಡುತ್ತದೆ. ಕಳೆದ ವರ್ಷ ಒಂದು ವಿಚಿತ್ರ ದೂರು ಬಂತು. ಲಾಗಿನ್ ಆಗುತ್ತದೆ, ಚಿಕ್ಕ ಪುಟ ತೆರೆಯುತ್ತದೆ, ದೊಡ್ಡ ಫೈಲ್ ಮಾತ್ರ ಅರ್ಧಕ್ಕೆ ನಿಂತು ಅಲ್ಲೇ ಕೂರುತ್ತದೆ. ತಂಡದ ಹುಡುಗಿ ಬದಲಾವಣೆಗಳನ್ನು ಒಂದೊಂದಾಗಿ ಓದುತ್ತಿದ್ದಳು, ಒಟ್ಟು ಅರವತ್ತನಾಲ್ಕು. ‘ಅರ್ಧ ಮಾಡಮ್ಮ’ ಅಂದೆ. ‘ಗಿಟ್ ಬೈಸೆಕ್ಟ್ ಮಾಡ್ತಾ ಹೋಗ್ಲಾ ಸರ್?’ ಅಂದಳು. ಅದಕ್ಕೊಂದು ಕಮಾಂಡೇ ಇದೆ.

ಆರು ಹೆಜ್ಜೆಗೆ ಸಿಕ್ಕಿತು. ಭದ್ರತೆಗೆ ಒಳ್ಳೆಯದೆಂದು ಯಾರೋ ಫೈರ್‌ವಾಲ್‌ನಲ್ಲಿ ಐಸಿಎಂಪಿ, ಅಂದರೆ ನೆಟ್‌ವರ್ಕ್ ತನ್ನ ತೊಂದರೆ ತಿಳಿಸುವ ಸಂದೇಶಗಳನ್ನು, ಪೂರ್ತಿ ನಿಲ್ಲಿಸಿದ್ದರು. ಎರಡು ನೆಟ್‌ವರ್ಕ್ ಜೋಡಿಸುವ ಟನೆಲ್ ದಾಟುವಾಗ ‘ಪ್ಯಾಕೆಟ್ ದೊಡ್ಡದಾಯಿತು, ಚಿಕ್ಕದು ಮಾಡಿ ಕಳಿಸು’ ಎಂದು ಹೇಳಬೇಕಾದ ಸಂದೇಶವೇ ಸರ್ವರ್‌ಗೆ ತಲುಪುತ್ತಿರಲಿಲ್ಲ. ಅದು ಅದೇ ದೊಡ್ಡ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಾ ಕೂತಿತ್ತು. ‘ಇಂಥ ಸಾಲು ಬರೆದವರು ಯಾರಂತೆ?’ ಎಂದು ಸ್ವಲ್ಪ ಗತ್ತಿನಲ್ಲೇ ಕೇಳಿದೆ. ಅವಳು ಬಾಯಿಬಿಡಲಿಲ್ಲ. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು, ಆ ಬದಲಾವಣೆಯ ಪಕ್ಕ ನನ್ನ ಹೆಸರಿತ್ತು.