ಫ್ಯಾನ್ ಕ್ಲಬ್ಬಿಗೆ ದುಡ್ಡು ಕಟ್ಟುವ ಮುಂಚೆ ಒಂದು ಹಾಳೆ, ಒಂದು ಪೆನ್ನು

ನನ್ನ ಮೇಜಿನ ಕೆಳಗಿನ ಡ್ರಾಯರ್‌ನಲ್ಲಿ ಒಂದು ರಟ್ಟಿನ ಡಬ್ಬಿ ಇದೆ. ಅದರೊಳಗೆ ನನ್ನ ಹೆಸರು, ಫ್ಯಾನ್ ಕ್ಲಬ್ ಸದಸ್ಯತ್ವದ ನಂಬರ್ ಅಚ್ಚಾದ ಪ್ಲಾಸ್ಟಿಕ್ ಕಾರ್ಡು. ನಾಲ್ಕು ಫೋಟೊ. ಎಲ್ಲೂ ಅಂಟಿಸದೆ ಉಳಿದ ಸ್ಟಿಕ್ಕರ್ ಹಾಳೆ. ಒಂದು ಬೀಗದ ಕೈಯನ್ನೂ ಕಾಣದ ಕೀ ಚೈನು. ಬಂದ ದಿನ ಆಸೆಯಿಂದ ಬಿಚ್ಚಿ ನೋಡಿದ್ದೆ. ಮತ್ತೆ ಹೊರಗೆ ತೆಗೆದದ್ದು ಈ ಲೇಖನ ಬರೆಯಲು ಕೂತಾಗಲೇ. ಡಬ್ಬಿಯ ಜೊತೆ ಬಂದ ಚೀಟಿಯನ್ನು ಈಗ ಓದಿದರೆ ಹೊಟ್ಟೆ ಉರಿಯುತ್ತದೆ. ಕಳಿಸುವ ಖರ್ಚೇ ಫೀಸಿನ ಅರ್ಧಕ್ಕಿಂತ ಜಾಸ್ತಿ ಆಗಿತ್ತು.

ಮೊನ್ನೆ ತಂಗಿಯ ಮಗಳು ಫೋನ್ ಹಿಡಿದುಕೊಂಡು ಬಂದಳು.

"ದೊಡ್ಡಮ್ಮಾ, ಒಂದ್ ವರ್ಷದ ಮೆಂಬರ್‌ಶಿಪ್. ತಗೊಳ್ಲಾ, ಬೇಡ್ವಾ?"

"ಯಾಕೆ ಬೇಕು ನಿಂಗೆ?"

"ಅಫಿಶಿಯಲ್ ಅಲ್ವಾ ಅದು!"

ಅದು ಉತ್ತರ ಆಗಲಿಲ್ಲ. ಹಾಗಂತ ಸುಮ್ನೆ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ, ಡ್ರಾಯರ್‌ನಲ್ಲಿ ಡಬ್ಬಿ ಇಟ್ಟುಕೊಂಡವಳು ನಾನೇ ತಾನೆ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಹಾಕಿದ ಕ್ರಮ ಹೀಗಿದೆ.

1. ದುಡ್ಡಿಗೆ ಏನು ಬರುತ್ತದೆ, ಬರೆದುಕೊಳ್ಳಿ

ಹಾಡುವವರ, ಸಂಗೀತ ತಂಡಗಳ ಅಧಿಕೃತ ಫ್ಯಾನ್ ಕ್ಲಬ್ಬಿನ ಪುಟದಲ್ಲಿ ಸವಲತ್ತುಗಳ ಪಟ್ಟಿ ಮಾರುದ್ದ ಇರುತ್ತದೆ. ಹೆದರಬೇಡಿ. ಎಲ್ಲವೂ ನಾಲ್ಕೇ ಬುಟ್ಟಿಯಲ್ಲಿ ಹಿಡಿಸುತ್ತವೆ. ಕೈಗೆ ಬರುವ ವಸ್ತುಗಳು. ಸದಸ್ಯರಿಗೆ ಮಾತ್ರ ಕಾಣುವ ವಿಡಿಯೊ, ಫೋಟೊ. ಸದಸ್ಯರಿಗೆ ಮಾತ್ರ ಮಾರುವ ಸಾಮಾನು. ಕೊನೆಗೆ, ಟಿಕೆಟ್ ಎಲ್ಲರಿಗಿಂತ ಮೊದಲು ಕೊಳ್ಳುವ ಅವಕಾಶ, ಅಂದರೆ ಪ್ರೀಸೇಲ್.

ಮೂರನೆಯದನ್ನು ಈಗಲೇ ಹೊಡೆದು ಹಾಕಿ. ಅದು ನಿಮಗೆ ಕೊಡುವ ಸವಲತ್ತಲ್ಲ, ಇನ್ನಷ್ಟು ಖರ್ಚು ಮಾಡಿ ಎಂದು ಬಾಗಿಲು ತೆರೆದು ಕರೆಯುವುದು.

ಮೊದಲ ಎರಡರಲ್ಲಿ "ಸದಸ್ಯರಿಗೆ ಮಾತ್ರ" ಎಂಬ ಮಾತನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಬೀಟಲ್ಸ್ ತಂಡ 1963ರಿಂದ 1969ರವರೆಗೆ ಪ್ರತಿ ಕ್ರಿಸ್‌ಮಸ್‌ಗೆ ಒಂದು ರೆಕಾರ್ಡು ಮಾಡಿ ಫ್ಯಾನ್ ಕ್ಲಬ್ಬಿನವರಿಗೆ ಕಳಿಸುತ್ತಿತ್ತು. ಹಾಳೆಯಂತೆ ಬಾಗುವ ತೆಳು ರೆಕಾರ್ಡು. ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಸದಸ್ಯರಾದರೆ ಮಾತ್ರ. 2017ರಲ್ಲಿ ಏಳನ್ನೂ ಸೇರಿಸಿ ಡಬ್ಬಿ ಮಾಡಿ ಎಲ್ಲರಿಗೂ ಮಾರಿದರು. ಅದಕ್ಕೆ ಅರ್ಧ ಶತಮಾನ ಹಿಡಿಯಿತು, ಪರವಾಗಿಲ್ಲ. ಪರ್ಲ್ ಜ್ಯಾಮ್ ತಂಡದ ಕ್ಲಬ್ಬಿನಲ್ಲಿ ಅಷ್ಟು ಕಾಯಬೇಕಾಗಲಿಲ್ಲ. 1998ರಲ್ಲಿ ಸದಸ್ಯರಿಗೆಂದೇ ಮಾಡಿದ ಒಂದು ಹಾಡು ರೇಡಿಯೊದಲ್ಲಿ ಹಬ್ಬಿ, ಮರುವರ್ಷವೇ ಅಂಗಡಿಗೆ ಬಂತು. ಜನಪ್ರಿಯ ಹಾಡುಗಳನ್ನು ಸಾಲಾಗಿ ಎಣಿಸುವ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೂ ಏರಿತು. ಸದಸ್ಯರಿಗೆ ಉಳಿದದ್ದು "ನಾವು ಮೊದಲು ಕೇಳಿದ್ದು" ಎಂಬ ಹೆಮ್ಮೆ. ಹೆಮ್ಮೆಗೂ ಬೆಲೆ ಇದೆ ಅನ್ನುವವರು ಆ ಬೆಲೆ ಎಷ್ಟು ಎಂದು ಹಾಳೆಯಲ್ಲಿ ಬರೆಯಿರಿ. ಅಂಕಿ ಬೇಕು, ನಿಟ್ಟುಸಿರು ಬೇಡ.

ಇನ್ನೊಂದು ಮಾತು. ಎಲ್ಲ ಕ್ಲಬ್ಬೂ ದುಡ್ಡು ಕೇಳುವುದಿಲ್ಲ. ಮೆಟಾಲಿಕಾ ತಂಡದ ಕ್ಲಬ್ಬಿಗೆ ಹಿಂದೆ ಫೀಸ್ ಇತ್ತು, ಈಗ ಪುಕ್ಕಟೆ. ನಿಮ್ಮ ಇಷ್ಟದವರ ಕ್ಲಬ್ಬಿನಲ್ಲೂ ಉಚಿತ ಸದಸ್ಯತ್ವ ಬೇರೆ, ದುಡ್ಡಿನದು ಬೇರೆ ಇರಬಹುದು. ಉಚಿತದ್ದನ್ನು ಒಂದು ತಿಂಗಳು ನೋಡಿ. ಆ ತಿಂಗಳಲ್ಲಿ ಎಷ್ಟು ಸಲ ಒಳಗೆ ಹೋದಿರಿ ಎಂಬುದೇ ಅರ್ಧ ಉತ್ತರ ಹೇಳುತ್ತದೆ.

2. ಪ್ರೀಸೇಲ್ ಅಂದರೆ ಟಿಕೆಟ್ ಅಲ್ಲ

ಹೆಚ್ಚಿನವರು ಸೇರುವುದೇ ಇದಕ್ಕೆ. ಹಾಗಾಗಿ ಇಲ್ಲಿ ಸ್ವಲ್ಪ ನಿಂತು ಹೋಗೋಣ.

ನೀವು ಕೊಳ್ಳುತ್ತಿರುವುದು ಸೀಟನ್ನಲ್ಲ, ಸಾಲಿನಲ್ಲಿ ಸ್ವಲ್ಪ ಮುಂದಿನ ಜಾಗವನ್ನು. ಆ ಮುಂದಿನ ಸಾಲೂ ಉದ್ದವಿದ್ದರೆ? 2005ರಲ್ಲಿ ಯು2 ತಂಡ ಊರೂರಿಗೆ ಹೋಗಿ ಹಾಡುವ ಪ್ರವಾಸಕ್ಕೆ ಅದೇ ಆಯಿತು. ತಂಡದ ವೆಬ್‌ಸೈಟಿಗೆ ದುಡ್ಡು ಕಟ್ಟಿ ಸದಸ್ಯರಾದ ಎಷ್ಟೋ ಜನ ಪ್ರೀಸೇಲ್‌ನಲ್ಲೇ ಬರಿಗೈಯಲ್ಲಿ ಉಳಿದರು. ಗಲಾಟೆ ಎಷ್ಟಾಯಿತೆಂದರೆ ಆ ವರ್ಷದ ಗ್ರ್ಯಾಮಿ ವೇದಿಕೆಯಲ್ಲಿ ಪ್ರಶಸ್ತಿ ತೆಗೆದುಕೊಳ್ಳಲು ಬಂದ ಡ್ರಮ್ಮರ್ ಲ್ಯಾರಿ ಮಲನ್ ಅಭಿಮಾನಿಗಳ ಕ್ಷಮೆ ಕೇಳಿದರು.

2022ರ ನವೆಂಬರ್‌ನಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಅವರ ಅಮೆರಿಕದ ಪ್ರವಾಸದ ಪ್ರೀಸೇಲ್ ಕಥೆ ಇನ್ನೂ ದೊಡ್ಡದು. ಅದು ದುಡ್ಡಿನ ಕ್ಲಬ್ಬಲ್ಲ, ಹೆಸರು ಕೊಟ್ಟರೆ ಸಾಕಿತ್ತು. ಟಿಕೆಟ್ ಮಾರಿದ ಟಿಕೆಟ್‌ಮಾಸ್ಟರ್ ಕಂಪನಿಯೇ ಹೇಳಿದಂತೆ 35 ಲಕ್ಷ ಜನ ಹೆಸರು ಕೊಟ್ಟರು. ಸುಮಾರು 15 ಲಕ್ಷ ಜನರಿಗೆ ಪ್ರೀಸೇಲ್ ಒಳಗೆ ಬಿಡುವ ಕೋಡ್ ಹೋಯಿತು, ಉಳಿದವರು ಕಾಯುವ ಪಟ್ಟಿಗೆ. ಕೋಡ್ ಇದ್ದವರೂ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು, ಸೈಟ್ ಕೈಕೊಟ್ಟಿತು. ಆಮೇಲೆ ನಡೆಯಬೇಕಿದ್ದ ಸಾಮಾನ್ಯ ಮಾರಾಟವೇ ರದ್ದಾಯಿತು.

ಈ ಕೊನೆಯ ಸಂಗತಿ ಎರಡು ಕಡೆಯೂ ಕಡಿಯುತ್ತದೆ, ಗಮನಿಸಿ. ಪ್ರೀಸೇಲ್ ಇದ್ದರೂ ಟಿಕೆಟ್ ಸಿಗದೇ ಹೋಗಬಹುದು. ಆದರೆ ಬಹಳ ದೊಡ್ಡ ಕಲಾವಿದರಾದರೆ, ಪ್ರೀಸೇಲ್ ಆದಮೇಲೆ ಬೇರೆಯವರಿಗೆ ಉಳಿಯುವುದು ತೀರಾ ಕಡಿಮೆ. ಹಾಗಾಗಿ ಸಣ್ಣ ಸಭಾಂಗಣ ತುಂಬಿಸಲು ಒದ್ದಾಡುವ ತಂಡಕ್ಕೆ ಪ್ರೀಸೇಲ್ ಸದಸ್ಯತ್ವ ದಂಡ. ಸ್ಟೇಡಿಯಂ ತುಂಬುವ ತಂಡಕ್ಕೆ ಅದಿಲ್ಲದೆ ಕಷ್ಟ. ನಿಮ್ಮವರು ಯಾವ ಸಾಲಿನವರು? ಅಭಿಮಾನ ಬದಿಗಿಟ್ಟು ಉತ್ತರಿಸಿ.

ಆಮೇಲೆ, ಸೀಟು ಹಂಚುವ ಪದ್ಧತಿ ಯಾವುದು ಎಂದು ನಿಯಮ ತೆಗೆದು ಓದಿ. ಮೊದಲು ಬಂದವರಿಗೆ ಮೊದಲು ಅಂತಿದ್ದರೆ ನಿಮ್ಮ ಬೆರಳಿನ ಚುರುಕು, ಇಂಟರ್‌ನೆಟ್ ವೇಗದ ಮೇಲೆ ನಿಂತಿದೆ. ಜಪಾನಿನ ಕ್ಲಬ್ಬುಗಳಲ್ಲಿ ಸಾಮಾನ್ಯವಾಗಿ ಲಾಟರಿ. ಅರ್ಜಿ ಹಾಕುವ ಹಕ್ಕು ಮಾತ್ರ ನಿಮ್ಮದು, ಚೀಟಿ ಎತ್ತುವವರು ಬೇರೆ. ಪರ್ಲ್ ಜ್ಯಾಮ್ ಕ್ಲಬ್ಬಿನಲ್ಲಿ ಹಳೆಯ ಸದಸ್ಯರಿಗೆ ಒಳ್ಳೆಯ ಸೀಟು ಎಂಬ ಪದ್ಧತಿಯೇ ಹೆಸರುವಾಸಿ. ಅಲ್ಲಿ ನಿನ್ನೆ ಸೇರಿದವರು ಮುಂದಿನ ಸಾಲಿನ ಕನಸು ಕಾಣುವ ಹಾಗಿಲ್ಲ.

3. ಹೆಸರು, ದೇಶ, ಕೊನೆಯ ದಿನ

ನಾನು ಎಡವಿದ್ದು ಇಲ್ಲೇ.

ನನ್ನ ಸದಸ್ಯತ್ವ ಚಾಲ್ತಿಯಲ್ಲಿತ್ತು, ಕಾರ್ಡು ಕೈಯಲ್ಲಿತ್ತು. ಪ್ರೀಸೇಲ್ ದಿನ ಅಲಾರಂ ಇಟ್ಟು ಎದ್ದು, ಹತ್ತು ನಿಮಿಷ ಮುಂಚೆಯೇ ಲಾಗಿನ್ ಆಗಿ ಕೂತೆ. ಸಾಲು ಕರಗುತ್ತಾ ಬಂತು. ನನ್ನ ಸರದಿ ಬಂದಾಗ ಪರದೆಯ ಮೇಲೆ ಒಂದು ಸಾಲು: ಈ ಖಾತೆ ಪ್ರೀಸೇಲ್‌ಗೆ ನೋಂದಣಿಯಾಗಿಲ್ಲ. ಅಷ್ಟೇ. ಸದಸ್ಯರು ಆ ಕಾರ್ಯಕ್ರಮಕ್ಕೆಂದು ಬೇರೆಯಾಗಿ ಹೆಸರು ನೋಂದಾಯಿಸಬೇಕಿತ್ತಂತೆ. ಅದರ ಗಡುವು ಹಿಂದಿನ ವಾರ ಮುಗಿದಿತ್ತು. ಸೂಚನೆ ಆ್ಯಪ್‌ನಲ್ಲಿ ಬಂದಿತ್ತು. ದಿನಕ್ಕೆ ಇಪ್ಪತ್ತು ಸಲ ಟಿಣ್ ಅನ್ನುತ್ತದೆ ಎಂದು ಆ ಸದ್ದನ್ನೇ ಬಂದ್ ಮಾಡಿಟ್ಟಿದ್ದೆ ನಾನು. ಯಾರನ್ನು ಬೈಯೋದು?

ಕೊರಿಯಾದ ಪಾಪ್ ತಂಡಗಳ ಕ್ಲಬ್ಬುಗಳಲ್ಲಿ ಇದು ಮಾಮೂಲಿ ಕ್ರಮ. ಸದಸ್ಯತ್ವ ಒಂದು ಹಂತ, ಪ್ರೀಸೇಲ್ ನೋಂದಣಿ ಇನ್ನೊಂದು. ಇಂಥ ದಿನದೊಳಗೆ ಸದಸ್ಯರಾಗಿರಬೇಕು ಎಂಬ ಗಡುವೂ ಇರುತ್ತದೆ. ದೇಶದ ಪ್ರಕಾರ ಸದಸ್ಯತ್ವವೂ ಬೇರೆ ಬೇರೆ: ಜಪಾನಿಗೆ ಒಂದು, ಉಳಿದ ಜಗತ್ತಿಗೆ ಒಂದು, ಹೀಗೆ. ತಪ್ಪಾದದ್ದನ್ನು ಕೊಂಡರೆ ಬೇಕಾದ ಕಡೆ ನಡೆಯುವುದಿಲ್ಲ.

ಸೇರುವಾಗ ಹೆಸರನ್ನು ಗುರುತಿನ ಚೀಟಿಯಲ್ಲಿ ಇರುವ ಹಾಗೇ ಅಕ್ಷರ ಅಕ್ಷರ ಬರೆಯಿರಿ. ಬಾಗಿಲಲ್ಲಿ ಗುರುತು ನೋಡಿ ಒಳಗೆ ಬಿಡುವ ಕಾರ್ಯಕ್ರಮಗಳಿವೆ. ನನ್ನ ತಂಗಿಯ ಮಗಳು ಆಗಲೇ ಖಾತೆ ತೆರೆದಿದ್ದಳು. ಹೆಸರಿನ ಜಾಗದಲ್ಲಿ "ಚಂದಮಾಮ" ಎಂದಿತ್ತು. ಚಂದಮಾಮನ ಗುರುತಿನ ಚೀಟಿ ಎಲ್ಲಿಂದ ತರೋಣ?

4. ಈ ವರ್ಷ ಅವರು ಏನಾದರೂ ಮಾಡುತ್ತಾರಾ?

ಒಂದು ವರ್ಷದ ಸದಸ್ಯತ್ವ ಅಂದರೆ ಕಲಾವಿದರ ಒಂದು ವರ್ಷದ ಮೇಲೆ ಕಟ್ಟಿದ ಬಾಜಿ. ಕೊರಿಯಾದ ಬಿಟಿಎಸ್ ತಂಡ 2022ರ ಜೂನ್‌ನಲ್ಲಿ ತಂಡದ ಕೆಲಸಕ್ಕೆ ವಿರಾಮ ಹೇಳಿತು. ಅದೇ ಅಕ್ಟೋಬರ್‌ನಲ್ಲಿ ಬೂಸಾನ್‌ನಲ್ಲಿ ಒಂದು ಕಾರ್ಯಕ್ರಮ, ಆಮೇಲೆ ಒಬ್ಬೊಬ್ಬರಾಗಿ ಕಡ್ಡಾಯ ಸೈನಿಕ ಸೇವೆಗೆ. ಎಲ್ಲರೂ ಮುಗಿಸಿ ಬಂದದ್ದು 2025ರ ಜೂನ್‌ಗೆ. ನಡುವಿನ ವರ್ಷಗಳಲ್ಲಿ ಒಬ್ಬೊಬ್ಬರ ಹಾಡು, ಕಾರ್ಯಕ್ರಮ ಬಂದವು. ಅವು ಸಾಕು ಅನ್ನುವವರಿಗೆ ಸರಿ. ಇಡೀ ತಂಡವನ್ನು ವೇದಿಕೆಯಲ್ಲಿ ನೋಡಲೆಂದೇ ಆ ವರ್ಷಗಳಲ್ಲಿ ಫೀಸ್ ಕಟ್ಟಿದ್ದರೆ ಅದು ಕಾಯುವುದಕ್ಕೆ ಕೊಟ್ಟ ದುಡ್ಡು.

ಆದ್ದರಿಂದ ನೋಡಿ: ಹೊಸ ಆಲ್ಬಂ ಬರುತ್ತಿದೆಯಾ? ಪ್ರವಾಸದ ಸುದ್ದಿ ಇದೆಯಾ? ಹೋದ ಸಲ ನೀವು ಹೋಗಬಹುದಾದ ಊರಿಗೆ ಬಂದಿದ್ದರಾ? ಮೂರಕ್ಕೂ ಇಲ್ಲ ಅಂತಾದರೆ ಈ ವರ್ಷ ಬಿಡಿ. ಹಳೆಯ ಸದಸ್ಯರಿಗೇ ಮೊದಲ ಮಣೆ ಹಾಕುವ ಕ್ಲಬ್ಬಾದರೆ ಮಾತ್ರ ಎರಡು ಸಲ ಯೋಚಿಸಿ.

5. ಈಗ ಹಾಳೆ ಪೆನ್ನು

ಫೀಸ್ 100 ಎಂದಿಟ್ಟುಕೊಳ್ಳಿ, ಕಿಟ್, ಅಂದರೆ ನನ್ನದರಂಥ ಕಾರ್ಡು, ಫೋಟೊಗಳ ಡಬ್ಬಿ, ಕಳಿಸುವ ಖರ್ಚು 60. ಯಾವ ಹಣವಾದರೂ ಸರಿ, ಲೆಕ್ಕ ಒಂದೇ. ಒಟ್ಟು 160.

ಕಿಟ್‌ನಲ್ಲಿರುವುದೇ ಅಂಗಡಿಯಲ್ಲಿ ತೂಗಿಹಾಕಿದ್ದರೆ ಎಷ್ಟು ಕೊಟ್ಟು ತರುತ್ತಿದ್ದಿರಿ? ಮಾರುವವರು ಹೇಳುವ ಬೆಲೆಯಲ್ಲ, ನೀವು ಕೊಡುವ ಬೆಲೆ. ನನ್ನ ಡಬ್ಬಿಗೆ ನಾನು 30 ಕೊಟ್ಟೆ, ಅದೂ ಕನಿಕರದಿಂದ. ವಿಡಿಯೊಗಳಿಗೆ 10.

ಇನ್ನು ಟಿಕೆಟ್. ಸದಸ್ಯತ್ವ ಇಲ್ಲದೆ ನಾಲ್ಕರಲ್ಲಿ ಒಂದು ಸಲ ಸಿಗುತ್ತದೆ, ಇದ್ದರೆ ನಾಲ್ಕರಲ್ಲಿ ಎರಡು ಸಲ ಎಂದು ಅಂದಾಜು ಮಾಡಿ. ಜಾಸ್ತಿಯಾದದ್ದು ನಾಲ್ಕರಲ್ಲಿ ಒಂದು. ಟಿಕೆಟ್ ಸಿಗದಿದ್ದರೆ ಮರುಮಾರಾಟದವರಿಗೆ ಟಿಕೆಟ್ ಬೆಲೆಯ ಮೇಲೆ 200 ಜಾಸ್ತಿ ಕೊಟ್ಟು ಕೊಳ್ಳುವಷ್ಟು ಹಟ ನಿಮ್ಮದಾದರೆ, ಆ 200ರ ಕಾಲು ಭಾಗ, 50, ಪ್ರೀಸೇಲ್‌ನ ಬೆಲೆ. ಅಷ್ಟು ಕೊಡುವ ಹಟವೇ ಇಲ್ಲ, ಸಿಕ್ಕರೆ ಸಿಗಲಿ ಅನ್ನುವವರಿಗೆ ಅದು ಇನ್ನೂ ಕಡಿಮೆ.

30, 10, 50. ಒಟ್ಟು 90. ಕೊಡುತ್ತಿರುವುದು 160. ಲುಕ್ಸಾನು.

ಈಗ ಕಿಟ್ ಇಲ್ಲದ ಡಿಜಿಟಲ್ ಸದಸ್ಯತ್ವ 70ಕ್ಕೆ ಸಿಗುತ್ತದೆ ಎಂದುಕೊಳ್ಳಿ. ಒಂದೇ ಕಾರ್ಯಕ್ರಮವಾದರೆ ವಿಡಿಯೊಗಳ 10, ಪ್ರೀಸೇಲ್‌ನ 50 ಸೇರಿ 60 ಬಂತು, ಸ್ವಲ್ಪ ಕಮ್ಮಿ. ಎರಡು ಕಾರ್ಯಕ್ರಮಕ್ಕೆ ಹೋಗುವವರಾದರೆ 110. ಧಾರಾಳವಾಗಿ ಸೇರಿ. ಕಿಟ್ ತೆಗೆದರೆ ಲೆಕ್ಕ ಎಷ್ಟು ಬೇಗ ತಿರುಗಿಬಿಡುತ್ತದೆ ನೋಡಿ! ಗೆಳತಿಯರು ಸೇರಿ ಹೋಗುವುದಾದರೆ ಒಬ್ಬ ಸದಸ್ಯರು ಎಷ್ಟು ಟಿಕೆಟ್ ಕೊಳ್ಳಬಹುದು ಎಂದೂ ವಿಚಾರಿಸಿ. ಎರಡು ಅಥವಾ ನಾಲ್ಕು ಎಂದಿದ್ದರೆ ಎಲ್ಲರೂ ಫೀಸ್ ಕಟ್ಟಬೇಕಿಲ್ಲ, ಹಂಚಿಕೊಳ್ಳಿ.

6. ತೂತುಗಳು

ತನ್ನಷ್ಟಕ್ಕೇ ನವೀಕರಣವಾಗುವ ಸದಸ್ಯತ್ವವಾದರೆ ಕೊಂಡ ದಿನವೇ ಅದನ್ನು ಆಫ್ ಮಾಡಿ. ಫೋನಿನ ಆ್ಯಪ್ ಅಂಗಡಿಯ ಮೂಲಕ ಕೊಂಡಿದ್ದರೆ ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಆ ಅಂಗಡಿಯ ಚಂದಾ ಪಟ್ಟಿಗೆ ಹೋಗಿಯೇ ರದ್ದು ಮಾಡಬೇಕು. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ದುಡ್ಡು ಸುರಿದವರು ಕಡಿಮೆ ಇಲ್ಲ.

ಕಲಾವಿದರ ಸಂದೇಶ ನೇರ ನಿಮ್ಮ ಫೋನಿಗೆ ಎಂಬ ತಿಂಗಳ ಚಂದಾ ಬೇರೆಯದೇ ಬಾಬತ್ತು. ಕ್ಲಬ್ ಫೀಸಿನಲ್ಲಿ ಅದು ಸೇರಿರುತ್ತದೆ ಎಂದುಕೊಳ್ಳಬೇಡಿ. ತಂಡದ ಸದಸ್ಯರು ಏಳು ಜನ ಇದ್ದರೆ ಒಬ್ಬೊಬ್ಬರಿಗೆ ಬೇರೆ ಬೇರೆ ಕಟ್ಟಬೇಕಾಗಬಹುದು. ಕಲಾವಿದರು ಬರೆಯುವುದು ಒಂದೇ ಸಂದೇಶ. ಪ್ರತಿಯೊಬ್ಬರ ಫೋನಿನಲ್ಲಿ ಅವರವರು ಇಟ್ಟುಕೊಂಡ ಹೆಸರು ಸೇರಿಕೊಂಡು ಬರುತ್ತದೆ. "ಚಂದಮಾಮ, ಊಟ ಆಯ್ತಾ?" ಎಂದು ಬಂದಾಗ ಖುಷಿಯಾಗುವುದು ಸಹಜ. ಅದೇ ಹೊತ್ತಿಗೆ ಲಕ್ಷ ಜನರ ಊಟ ವಿಚಾರಿಸಿರುತ್ತಾರೆ ಎಂಬುದೂ ತಲೆಯಲ್ಲಿರಲಿ.

ಅಧಿಕೃತ ಕ್ಲಬ್ ಯಾವುದು ಎಂದು ಕಲಾವಿದರ ಸ್ವಂತ ವೆಬ್‌ಸೈಟಿನಿಂದ ಹೋಗಿ ನೋಡಿ. ಯಾರೋ ಕಳಿಸಿದ ಲಿಂಕ್ ಒತ್ತಬೇಡಿ. "ನಾನೇ ಮ್ಯಾನೇಜರ್, ವಿಐಪಿ ಕಾರ್ಡು ಮಾಡಿಸಿಕೊಡುತ್ತೇನೆ, ಗಿಫ್ಟ್ ಕಾರ್ಡಿನಲ್ಲಿ ದುಡ್ಡು ಹಾಕಿ" ಎಂದು ಮೆಸೇಜ್ ಬಂದರೆ ಅದು ಮೋಸ. ಎರಡನೇ ಯೋಚನೆ ಬೇಡ.

ಮಕ್ಕಳು ಸೇರುತ್ತಾರಾದರೆ ಖಾತೆಯನ್ನು ದೊಡ್ಡವರೇ ಕೂತು ತೆರೆಯಲಿ. 2012ರಲ್ಲಿ ಅಮೆರಿಕದಲ್ಲಿ ಜಸ್ಟಿನ್ ಬೀಬರ್, ರಿಯಾನಾ ಮುಂತಾದವರ ಫ್ಯಾನ್ ಸೈಟ್ ನಡೆಸುತ್ತಿದ್ದ ಕಂಪನಿಗೆ 10 ಲಕ್ಷ ಡಾಲರ್ ದಂಡ ಬಿತ್ತು. ಹೆತ್ತವರ ಒಪ್ಪಿಗೆ ಇಲ್ಲದೆ ಚಿಕ್ಕ ಮಕ್ಕಳ ವಿವರ ಕಲೆಹಾಕಿದ ಆರೋಪ ಅದರ ಮೇಲಿತ್ತು. ಅಧಿಕೃತ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ಎಲ್ಲ ಕಾಲಂ ತುಂಬಬೇಕಿಲ್ಲ. ಕಡ್ಡಾಯ ಎಂದು ತೋರಿಸುವ ನಕ್ಷತ್ರದ (*) ಗುರುತಿಲ್ಲದ ಕಾಲಂ ಖಾಲಿ ಬಿಡಿ.

ನಮ್ಮ ಲೆಕ್ಕ ಎಲ್ಲಿಗೆ ಬಂತು ಅಂದರೆ, ಹುಡುಗಿ ಕಿಟ್ ಬಿಟ್ಟಳು. ಡಿಜಿಟಲ್ ಸದಸ್ಯತ್ವವೂ ಈಗಲೇ ಬೇಡ, ಪ್ರವಾಸದ ಸುದ್ದಿ ಹೊರಬಿದ್ದ ದಿನ ಗಡುವು ನೋಡಿಕೊಂಡು ತೆಗೆದುಕೊಳ್ಳೋಣ ಎಂದಾಯಿತು. ಖಾತೆಯಲ್ಲಿ ಚಂದಮಾಮನ ಜಾಗಕ್ಕೆ ನಿಜವಾದ ಹೆಸರು ಬಂತು. ಆ್ಯಪ್‌ನ ಟಿಣ್ ಸದ್ದನ್ನು ನನ್ನ ಫೋನಿನಲ್ಲೂ ಮತ್ತೆ ಹಾಕಿಸಿದಳು. ಈ ಲೇಖನ ಬರೆಯುವಷ್ಟರಲ್ಲಿ ಹನ್ನೊಂದು ಸಲ ಬಡಿದಿದೆ. ಹೋಗುವಾಗ ಡ್ರಾಯರ್‌ನ ಡಬ್ಬಿಯಿಂದ ಸ್ಟಿಕ್ಕರ್ ಹಾಳೆ ಎತ್ತಿಕೊಂಡು ಹೋದಳು, "ನಿಮ್ಗೇನಕ್ಕೆ ದೊಡ್ಡಮ್ಮ" ಅಂತ.